ತುಮಕೂರಿನಿಂದ ಬೆಂಗಳೂರಿಗೆ: ಎಲ್ಲಿ ಇಳಿದು ಮೆಟ್ರೋ ಹತ್ತಬೇಕು?

ಅಮ್ಮನನ್ನು ಜಯದೇವ ಆಸ್ಪತ್ರೆಗೆ ತೋರಿಸಲು ಕರೆದುಕೊಂಡು ಹೊರಟಿದ್ದೆ. ತುಮಕೂರು ಬಸ್ ಸ್ಟ್ಯಾಂಡಿನಲ್ಲಿ ಯಾವ ಬಸ್ಸು ಸಿಕ್ಕಿತೋ ಅದಕ್ಕೆ ಹತ್ತಿದೆವು. ಮಾದಾವರದಲ್ಲಿ ಇಳಿದು ಮೆಟ್ರೋ ಹಿಡಿಯುವ ಲೆಕ್ಕ ನನ್ನದು. ಬಸ್ಸು ಮಾದಾವರ ದಾಟಿತು, ನಾಗಸಂದ್ರದ ಹತ್ತಿರ ಸೀದಾ ಫ್ಲೈಓವರ್ ಏರಿಬಿಟ್ಟಿತು. ಮೇಲೆ ಹೋದ ಮೇಲೆ ಇಳಿಯುವ ಮಾತೇ ಇಲ್ಲ. ಪಕ್ಕದಲ್ಲಿ ಮೆಟ್ರೋ ರೈಲು ನಮ್ಮ ಜೊತೆಜೊತೆಗೇ ಓಡುತ್ತಿತ್ತು. ಅಮ್ಮ ಕಿಟಕಿಯಿಂದ ಅದನ್ನೇ ನೋಡಿ, "ಅಲ್ಲೋ, ನಾವು ಹತ್ತಬೇಕಾಗಿದ್ದ ರೈಲು ಅದೇ ಅಲ್ವೇನೋ?" ಅಂದರು. ತಪ್ಪು ಬಸ್ಸಿನವರದ್ದಲ್ಲ. ಕೇಳದೆ ಹತ್ತಿದ್ದು ನಾನು.

ಆಮೇಲೆ ಹತ್ತಾರು ಸಲ ಓಡಾಡಿ ಕಲಿತಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ನಮ್ಮೂರಿನವರಿಗೆ ಬೆಂಗಳೂರು ಅಂದರೆ ಮೆಜೆಸ್ಟಿಕ್. ಅಲ್ಲಿಯವರೆಗೂ ಬಸ್ಸಿನಲ್ಲಿ ಕೂತಿರುವುದು, ಆಮೇಲೆ ಮುಂದಿನ ಯೋಚನೆ. ಈ ಅಭ್ಯಾಸ ಬಿಟ್ಟರೆ ತುಂಬಾ ದಿನ ಒಂದು ಗಂಟೆವರೆಗೂ ಉಳಿಯುತ್ತದೆ. ಆದರೆ ಹೋಗುವಾಗಿನ ಲೆಕ್ಕ ಬೇರೆ, ಬರುವಾಗಿನ ಲೆಕ್ಕ ಬೇರೆ. ಹೋಗುವಾಗ ಬೇಗ ಇಳಿಯಬೇಕು. ಬರುವಾಗ ದೂರ ಹೋಗಿ ಹತ್ತಬೇಕು. ಯಾಕೆ ಅಂತ ಮುಂದೆ ಹೇಳುತ್ತೇನೆ.

ಮೊದಲು ದಾರಿ ತಲೆಯಲ್ಲಿ ಕೂರಲಿ

ನಮ್ಮ ಕಡೆಗೆ ಬರುವುದು ಹಸಿರು ಮಾರ್ಗ. ಒಂದು ತುದಿ ಮಾದಾವರ, ಇನ್ನೊಂದು ತುದಿ ಕನಕಪುರ ರಸ್ತೆಯ ರೇಷ್ಮೆ ಸಂಸ್ಥೆ. ಒಟ್ಟು 32 ನಿಲ್ದಾಣ. 2015ರ ಮೇ ತಿಂಗಳಿಂದ ಈ ಕಡೆಯ ಕೊನೆ ನಾಗಸಂದ್ರವೇ ಆಗಿತ್ತು. ಮುಂದಿನ ಮೂರು ನಿಲ್ದಾಣಗಳ ಕೆಲಸ ಗಡುವಿನ ಮೇಲೆ ಗಡುವು ದಾಟಿ, ಕೊನೆಗೆ 2024ರ ನವೆಂಬರ್ 7ರಂದು ಮಾದಾವರಕ್ಕೆ ರೈಲು ಬಂತು.

ತುಮಕೂರು ಕಡೆಯಿಂದ ಲೆಕ್ಕ ಹಾಕಿದರೆ ಸಾಲು ಹೀಗಿದೆ: ಮಾದಾವರ, ಚಿಕ್ಕಬಿದರಕಲ್ಲು, ಮಂಜುನಾಥನಗರ, ನಾಗಸಂದ್ರ, ದಾಸರಹಳ್ಳಿ, ಜಾಲಹಳ್ಳಿ, ಪೀಣ್ಯ ಇಂಡಸ್ಟ್ರಿ, ಪೀಣ್ಯ, ಗೊರಗುಂಟೆಪಾಳ್ಯ, ಯಶವಂತಪುರ. ಈ ಹತ್ತನ್ನು ನೆನಪಿಟ್ಟುಕೊಂಡರೆ ಸಾಕು. ಇವೆಲ್ಲ ನಮ್ಮ ಬಸ್ಸು ಓಡುವ ತುಮಕೂರು ರಸ್ತೆಯಲ್ಲೇ ಇವೆ.

ತೊಂದರೆ ಏನೆಂದರೆ ಬಸ್ಸಿನಲ್ಲಿ ಯಾರೂ ಮೆಟ್ರೋ ಹೆಸರು ಹೇಳುವುದಿಲ್ಲ. ಹಳೆಯ ಹೆಸರುಗಳೇ ಓಡುತ್ತವೆ. ಕಂಡಕ್ಟರ್ "ಜಿಂದಾಲ್" ಅಂದರೆ ಅದು ಚಿಕ್ಕಬಿದರಕಲ್ಲು ನಿಲ್ದಾಣ. "ಪಾರ್ಲೆ" ಅಂದರೆ ನಾಗಸಂದ್ರದ ಹತ್ತಿರ. "ಎಂಟನೇ ಮೈಲಿ" ಅಂದರೆ ನಾಗಸಂದ್ರಕ್ಕೂ ದಾಸರಹಳ್ಳಿಗೂ ನಡುವೆ. "ಜಾಲಹಳ್ಳಿ ಕ್ರಾಸ್" ಅಂದರೆ ಜಾಲಹಳ್ಳಿ ನಿಲ್ದಾಣ. ಮಾದಾವರಕ್ಕೆ ಹೆಚ್ಚಿನವರು ಹೇಳುವುದು "ಬಿಐಇಸಿ" ಅಥವಾ "ನೈಸ್ ರೋಡ್ ಜಂಕ್ಷನ್". ಮಾದಾವರ ಅಂದರೆ ಕೆಲವರಿಗೆ ತಕ್ಷಣ ಹೊಳೆಯುವುದಿಲ್ಲ, ಬಿಐಇಸಿ ಅಂದರೆ ಹೊಳೆಯುತ್ತದೆ.

ಹೆಜ್ಜೆ 1: ಹೋಗುವ ಜಾಗಕ್ಕೆ ಯಾವ ನಿಲ್ದಾಣ ಅಂತ ಹಿಂದಿನ ರಾತ್ರಿಯೇ ನೋಡಿಕೊಳ್ಳಿ

ತುಮಕೂರಿನವರು ಬೆಂಗಳೂರಿಗೆ ಹೋಗುವುದು ಸುಮಾರಾಗಿ ನಾಲ್ಕೈದು ಕೆಲಸಕ್ಕೆ. ಆಸ್ಪತ್ರೆ, ಕೋರ್ಟು-ಕಚೇರಿ, ಮದುವೆ ಜವಳಿ, ಮಕ್ಕಳ ಕಾಲೇಜು, ಇಲ್ಲವೇ ದಿನದ ನೌಕರಿ.

ಆಸ್ಪತ್ರೆಯಿಂದ ಶುರು ಮಾಡೋಣ, ಯಾಕೆಂದರೆ ಅಲ್ಲೇ ಜನ ಜಾಸ್ತಿ ಒದ್ದಾಡುವುದು. ವಿಕ್ಟೋರಿಯಾ, ವಾಣಿ ವಿಲಾಸ, ಮಿಂಟೋ ಕಣ್ಣಾಸ್ಪತ್ರೆ, ಈ ಮೂರಕ್ಕೂ ಕೃಷ್ಣರಾಜೇಂದ್ರ ಮಾರುಕಟ್ಟೆ ನಿಲ್ದಾಣ. ಮಾದಾವರದಲ್ಲಿ ಕೂತರೆ ರೈಲು ಬದಲಿಸದೆ ಅಲ್ಲಿಗೇ ಹೋಗಿ ಇಳಿಯಬಹುದು. ಮೆಜೆಸ್ಟಿಕ್ ಆದಮೇಲೆ ಚಿಕ್ಕಪೇಟೆ, ಅದರ ಮುಂದಿನದು ಇದು.

ಜಯದೇವ ಹೃದ್ರೋಗ ಆಸ್ಪತ್ರೆಗೆ ಈಗ ಅದೇ ಹೆಸರಿನ ನಿಲ್ದಾಣ ಇದೆ. ಅದು ಹಳದಿ ಮಾರ್ಗದಲ್ಲಿ. ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರಕ್ಕೆ ಹೋಗುವ ಈ ಮಾರ್ಗ ಜನರಿಗೆ ಸಿಕ್ಕಿದ್ದು 2025ರ ಆಗಸ್ಟ್‌ನಲ್ಲಿ. ಹಸಿರು ರೈಲಿನಲ್ಲಿ ಆರ್.ವಿ. ರಸ್ತೆವರೆಗೆ ಹೋಗಿ, ಅಲ್ಲೇ ಹಳದಿ ರೈಲಿಗೆ ಬದಲಿಸಿ. ಮೊದಲು ರಾಗಿಗುಡ್ಡ, ಅದರ ಮುಂದಿನದೇ ಜಯದೇವ. ಮೆಜೆಸ್ಟಿಕ್‌ನಲ್ಲಿ ಇಳಿದು ಆಟೋದವರ ಜೊತೆ ಚೌಕಾಸಿ ಮಾಡಿಕೊಂಡು ಹೋಗುತ್ತಿದ್ದ ದಿನಗಳನ್ನು ನೆನೆದರೆ ಇದು ದೊಡ್ಡ ಅನುಕೂಲ. ನಿಮ್ಹಾನ್ಸ್ ಮತ್ತು ಕಿದ್ವಾಯಿಗೆ ಹೋಗುವವರಿಗೆ ಮಾತ್ರ ಬಾಗಿಲವರೆಗೆ ಮೆಟ್ರೋ ಇಲ್ಲ. ಲಾಲ್‌ಬಾಗ್ ಅಥವಾ ಜಯನಗರದಲ್ಲಿ ಇಳಿದು ಆಟೋ ಮಾಡಬೇಕು.

ವಿಧಾನಸೌಧ, ಹೈಕೋರ್ಟ್ ಕಡೆ ಕೆಲಸ ಇದ್ದರೆ ಮೆಜೆಸ್ಟಿಕ್‌ನಲ್ಲಿ ನೇರಳೆ ಮಾರ್ಗಕ್ಕೆ ಬದಲಿಸಿ, ಅಂಬೇಡ್ಕರ್ ನಿಲ್ದಾಣದಲ್ಲಿ ಇಳಿಯಿರಿ. ಜವಳಿಗೆ ಚಿಕ್ಕಪೇಟೆ. ನೆಲದಡಿಯ ನಿಲ್ದಾಣದಿಂದ ಮೆಟ್ಟಿಲು ಹತ್ತಿ ಹೊರಬಂದರೆ ಪೇಟೆ ನಡುವೆಯೇ ಇರುತ್ತೀರಿ. ಇಸ್ಕಾನ್ ದೇವಸ್ಥಾನಕ್ಕೆ ಮಹಾಲಕ್ಷ್ಮಿ ಅಥವಾ ಸ್ಯಾಂಡಲ್ ಸೋಪ್ ಫ್ಯಾಕ್ಟರಿ, ಎರಡರಲ್ಲಿ ಯಾವುದಾದರೂ ಆಗುತ್ತದೆ. ಎಲೆಕ್ಟ್ರಾನಿಕ್ ಸಿಟಿಯಲ್ಲಿ ಮಕ್ಕಳು ಕೆಲಸದಲ್ಲಿದ್ದರೆ ಅದೂ ಹಳದಿ ಮಾರ್ಗವೇ.

ಹೆಜ್ಜೆ 2: ಬಸ್ಸೋ, ರೈಲೋ?

ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ. ರೈಲಿನ ಸಮಯ ನಿಮಗೆ ಹೊಂದಿದರೆ ರೈಲೇ ಒಳ್ಳೆಯದು. ತುಮಕೂರು ಸ್ಟೇಷನ್ನಿನಿಂದ ಹೊರಟು ಕ್ಯಾತ್ಸಂದ್ರ, ಹಿರೇಹಳ್ಳಿ, ಚಿಕ್ಕಬಾಣಾವರ ದಾಟಿ ಯಶವಂತಪುರಕ್ಕೆ ಬರುತ್ತದೆ. ಅಲ್ಲಿ ಇಳಿದರೆ ಮೆಟ್ರೋ ನಿಲ್ದಾಣ ಪಕ್ಕದಲ್ಲೇ. ನೆಲಮಂಗಲದ ಟೋಲ್ ಇಲ್ಲ, ಪೀಣ್ಯದ ಟ್ರಾಫಿಕ್ ಇಲ್ಲ, ಗೊರಗುಂಟೆಪಾಳ್ಯದ ಸಿಗ್ನಲ್ ಇಲ್ಲ. ದಿನಾ ಓಡಾಡುವ ನಮ್ಮೂರಿನ ನೌಕರರು ತಾವು ಹತ್ತುವ ರೈಲಿಗೆ ಹೂವಿನ ಹಾರ ಹಾಕಿ ಹುಟ್ಟುಹಬ್ಬ ಮಾಡುತ್ತಾರೆ. ಹೊರಗಿನವರಿಗೆ ಇದು ನಗು ತರಿಸಬಹುದು. ದಿನಾ ಎರಡು ಹೊತ್ತು ಅದರಲ್ಲಿ ಓಡಾಡಿದವರಿಗೆ ಗೊತ್ತು.

ದಿನಾ ಹೋಗುವವರು ತಿಂಗಳ ಸೀಸನ್ ಪಾಸ್ ಮಾಡಿಸಿಕೊಳ್ಳಿ. ಒಂದೊಂದು ದಿನಕ್ಕೆ ಹೋಗುವವರು ಮೊಬೈಲಿನಲ್ಲೇ ಸಾಮಾನ್ಯ ಟಿಕೆಟ್ ತೆಗೆಯಬಹುದು. ಬೆಳಗ್ಗೆ ಕೌಂಟರ್ ಮುಂದಿನ ಸಾಲು ನೋಡಿದರೆ ಯಾಕೆ ಹೇಳುತ್ತಿದ್ದೇನೆ ಅಂತ ಗೊತ್ತಾಗುತ್ತದೆ. ಆದರೆ ಟಿಕೆಟ್‌ನಲ್ಲಿ ಯಶವಂತಪುರ ಅಂತ ಹಾಕಿಸಿ ಮೆಜೆಸ್ಟಿಕ್‌ವರೆಗೆ ಹೋಗಬೇಡಿ, ದಂಡ ಬೀಳುತ್ತದೆ. ಮೆಜೆಸ್ಟಿಕ್‌ವರೆಗೂ ಹೋಗುವ ರೈಲಾದರೂ ಸ್ಟೇಷನ್ ಒಳಗೆ ಜಾಗ ಸಿಗದೆ ಹೊರಗೆ ನಿಂತುಬಿಡುವುದುಂಟು. ಹಾಗಾಗಿ ನಾನು ಯಶವಂತಪುರದಲ್ಲೇ ಇಳಿದು ಮೆಟ್ರೋ ಹತ್ತುತ್ತೇನೆ. ಅಲ್ಲಿಂದ ಮೆಜೆಸ್ಟಿಕ್ ಏಳನೇ ನಿಲ್ದಾಣ, ಕಾಲು ಗಂಟೆಯ ದಾರಿ.

ಇಳಿದ ಮೇಲೆ ತುಮಕೂರು ರಸ್ತೆ ಕಡೆಯ ದ್ವಾರಕ್ಕೇ ಬನ್ನಿ. ಮತ್ತಿಕೆರೆ ಕಡೆ ಹೊರಬಿದ್ದರೆ ಸುಮ್ನೆ ಸುತ್ತು.

ಹೆಂಗಸರ ಲೆಕ್ಕ ಸ್ವಲ್ಪ ಬೇರೆ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಸಾಮಾನ್ಯ ಮತ್ತು ಎಕ್ಸ್‌ಪ್ರೆಸ್ ಬಸ್ಸುಗಳಲ್ಲಿ ಅವರಿಗೆ ಟಿಕೆಟ್ ಇಲ್ಲ. ರೈಲಿಗೂ ಮೆಟ್ರೋಗೂ ದುಡ್ಡು ಕೊಡಲೇಬೇಕು. ನನ್ನ ಚಿಕ್ಕಮ್ಮ ಇದೇ ಕಾರಣಕ್ಕೆ ಮೆಟ್ರೋ ಹತ್ತಿರ ಸುಳಿಯುವುದಿಲ್ಲ. "ಮೆಜೆಸ್ಟಿಕ್‌ತನಕ ಫ್ರೀ ಇರುವಾಗ ನಾನ್ಯಾಕೆ ಮಧ್ಯದಲ್ಲಿ ಇಳಿದು ದುಡ್ಡು ಕೊಡಲಿ?" ಅನ್ನುತ್ತಾರೆ. ಸಮಯಕ್ಕೆ ಅವಸರ ಇಲ್ಲದ ದಿನ ಅವರ ಮಾತೇ ಸರಿ. ಆಸ್ಪತ್ರೆಯಲ್ಲಿ ಒಂಬತ್ತು ಗಂಟೆಗೆ ಚೀಟಿ ಮಾಡಿಸಬೇಕು ಅಂತಿದ್ದರೆ ಮಾತ್ರ ಆ ದುಡ್ಡಿಗೆ ಬೆಲೆ ಇದೆ.

ಹೆಜ್ಜೆ 3: ಬಸ್ ಹತ್ತುವ ಮೊದಲು ಕೇಳಬೇಕಾದ ಒಂದೇ ಪ್ರಶ್ನೆ

"ಅಣ್ಣಾ, ಫ್ಲೈಓವರ್ ಮೇಲೆ ಹೋಗುತ್ತಾ, ಕೆಳಗೆ ಹೋಗುತ್ತಾ?"

ಇಷ್ಟು ಕೇಳಿದರೆ ಅರ್ಧ ಕೆಲಸ ಮುಗಿಯಿತು. ಪೀಣ್ಯದ ಮೇಲಿನ ಆ ಉದ್ದದ ಸೇತುವೆಗೆ ನಮ್ಮ ಸಿದ್ಧಗಂಗಾ ಮಠದ ಶಿವಕುಮಾರ ಸ್ವಾಮೀಜಿಯವರ ಹೆಸರಿದೆ. ನಾಗಸಂದ್ರದ ಹತ್ತಿರ ಏರಿದರೆ ಗೊರಗುಂಟೆಪಾಳ್ಯದಲ್ಲೇ ಇಳಿಯುವುದು. ನಡುವೆ ದಾಸರಹಳ್ಳಿ, ಜಾಲಹಳ್ಳಿ ಕ್ರಾಸ್, ಪೀಣ್ಯ ಎಲ್ಲ ಕೆಳಗೆ ಉಳಿದುಬಿಡುತ್ತವೆ. 2021ರ ಕೊನೆಯಲ್ಲಿ ಸೇತುವೆಯ ಒಳಗಿನ ಕೇಬಲ್‌ಗಳಲ್ಲಿ ದೋಷ ಕಂಡು, ದೊಡ್ಡ ವಾಹನಗಳನ್ನು ಎರಡೂವರೆ ವರ್ಷ ಮೇಲೆ ಬಿಡಲಿಲ್ಲ. ಆಗ ಎಲ್ಲ ಬಸ್ಸುಗಳೂ ಕೆಳಗಿನ ರಸ್ತೆಯಲ್ಲೇ ತೆವಳುತ್ತಿದ್ದವು. ಜಾಲಹಳ್ಳಿ ಕ್ರಾಸ್‌ನಲ್ಲಿ ಇಳಿದು ಮೆಟ್ರೋ ಹತ್ತುವ ಅಭ್ಯಾಸ ಹಲವರಿಗೆ ಆಗ ಬಂದಿದ್ದು. 2024ರಲ್ಲಿ ಬಸ್ಸುಗಳು ಮತ್ತೆ ಮೇಲೆ ಹತ್ತಲು ಶುರುಮಾಡಿದವು, ಅಭ್ಯಾಸ ಮಾತ್ರ ಹಾಗೇ ಉಳಿಯಿತು. ಅದಕ್ಕೇ ಈಗಲೂ ಬಸ್ಸು ಏರುತ್ತಿದ್ದಂತೆ ಯಾರಾದರೂ ಒಬ್ಬರು "ರೀ, ಜಾಲಹಳ್ಳಿ ಕ್ರಾಸ್!" ಅಂತ ಕೂಗುವುದು ಕೇಳಿಸುತ್ತದೆ.

ಮೇಲೆ ಹೋಗುವ ಬಸ್ಸಾದರೆ ನಿಮಗಿರುವುದು ಎರಡೇ ದಾರಿ. ಸೇತುವೆ ಏರುವ ಮೊದಲೇ ಇಳಿಯಬೇಕು, ಇಲ್ಲವೇ ಗೊರಗುಂಟೆಪಾಳ್ಯ. ಕೆಳಗೆ ಹೋಗುವ ಬಸ್ಸಾದರೆ ಎಲ್ಲಿ ಬೇಕಾದರೂ ಇಳಿಯಬಹುದು, ಆದರೆ ಬಸ್ಸು ನಿಧಾನ.

ಬೋರ್ಡಿನಲ್ಲಿ "ತಡೆರಹಿತ" ಅಂತ ಇದ್ದರೆ ಟಿಕೆಟ್ ತೆಗೆಯುವ ಮೊದಲೇ ಮಾತಾಡಿಕೊಳ್ಳಿ. ಕೆಲವರು ಮಾದಾವರದಲ್ಲಿ ಇಳಿಸುತ್ತಾರೆ, ಕೆಲವರು ಆಗಲ್ಲ ಅನ್ನುತ್ತಾರೆ. ಹೆದ್ದಾರಿಯ ಮಧ್ಯದ ಲೇನ್‌ನಲ್ಲಿ ಓಡುವ ಬಸ್ಸನ್ನು ಸರ್ವಿಸ್ ರಸ್ತೆಗೆ ತಿರುಗಿಸಬೇಕಲ್ಲ, ಡ್ರೈವರ್‌ಗೂ ಅದು ರಗಳೆ. ನೆಲಮಂಗಲ ಬಂದಾಗ ಇನ್ನೊಮ್ಮೆ ನೆನಪಿಸಿ. ಬಾಗಿಲ ಹತ್ತಿರದ ಸೀಟಿನಲ್ಲಿ ಕೂತಿದ್ದರೆ ಇನ್ನೂ ಒಳ್ಳೆಯದು.

ಎಷ್ಟು ಹೊತ್ತಿಗೆ ಹೊರಟಿದ್ದೀರಿ ಅನ್ನುವುದೂ ಮುಖ್ಯ. ಬೆಳಗ್ಗೆ ಐದಕ್ಕೆ ತುಮಕೂರು ಬಿಟ್ಟರೆ ಮೆಟ್ರೋ ಚಿಂತೆ ಬೇಡ, ಬಸ್ಸಿನಲ್ಲೇ ಕೂತಿರಿ. ರಸ್ತೆ ಖಾಲಿ, ಬಸ್ಸೇ ಬೇಗ. ಏಳಕ್ಕೆ ಬಿಟ್ಟರೆ ಎಂಟೂವರೆಯ ಹೊತ್ತಿಗೆ ಪೀಣ್ಯದ ಬಾಯಿಗೆ ಬೀಳುತ್ತೀರಿ. ಅಂಥ ದಿನ ಮಾದಾವರದಲ್ಲೇ ಇಳಿಯುವುದು ಜಾಣತನ. ನೆಲಮಂಗಲ ಮತ್ತು ತುಮಕೂರು ನಡುವೆ ಹೆದ್ದಾರಿ ಅಗಲ ಮಾಡುವ ಕೆಲಸ ನಡೆಯುವ ಜಾಗಗಳಿಗೆ ಅಂತ ಇಪ್ಪತ್ತು ನಿಮಿಷ ಕೈಯಲ್ಲಿ ಇಟ್ಟುಕೊಂಡೇ ಹೊರಡಿ.

ಹೆಜ್ಜೆ 4: ಯಾವ ನಿಲ್ದಾಣ ಯಾರಿಗೆ?

ಮಾದಾವರ. ಇದರ ದೊಡ್ಡ ಗುಣ ಒಂದೇ: ರೈಲು ಶುರುವಾಗುವುದೇ ಇಲ್ಲಿಂದ. ಹಾಗಾಗಿ ಸೀಟು ಸಿಗುತ್ತದೆ. ಜಾಲಹಳ್ಳಿಯಲ್ಲಿ ಹತ್ತುವವರು ನಿಂತುಕೊಂಡು ಹೋಗುವಾಗ ನೀವು ಕೂತಿರುತ್ತೀರಿ. ವಯಸ್ಸಾದವರು, ಮಂಡಿನೋವಿನವರು, ಕೈಯಲ್ಲಿ ಮಗು ಇರುವವರು ಜೊತೆಗಿದ್ದರೆ ನಾನು ಬೇರೆ ಯೋಚನೆಯೇ ಮಾಡುವುದಿಲ್ಲ. ಹದಿನಾರು ನಿಲ್ದಾಣ ದಾಟಿದರೆ ಮೆಜೆಸ್ಟಿಕ್, ಮುಕ್ಕಾಲು ಗಂಟೆ ಬೇಕಾಗಿಲ್ಲ. ಬಸ್ಸು ಇಳಿಸಿದ ಕಡೆಯಿಂದ ನಿಲ್ದಾಣ ಆಚೆ ಬದಿಯಲ್ಲಿ ಕಂಡರೆ ರಸ್ತೆಗೆ ಅಡ್ಡ ಓಡಬೇಡಿ. ಇದು ಹೆದ್ದಾರಿ, ನೈಸ್ ರಸ್ತೆಯಿಂದ ಬರುವ ಲಾರಿಗಳು ನಿಲ್ಲಿಸುವುದಿಲ್ಲ. ಮೇಲುಹಾದಿ ಹತ್ತಿ ದಾಟಿ.

ಸುತ್ತಮುತ್ತ ಇನ್ನೂ ಅರ್ಧ ಊರು, ಅರ್ಧ ನಗರ. ಒಂದು ಕಡೆ ಮಾಕಳಿ, ಇನ್ನೊಂದು ಕಡೆ ಅಂಚೆಪಾಳ್ಯ. ಜನರಿಗೆ ಗೊತ್ತಿರುವುದು ಬಿಐಇಸಿ, ಅಂದರೆ ದೊಡ್ಡ ವಸ್ತುಪ್ರದರ್ಶನದ ಮೈದಾನ. ಯಂತ್ರೋಪಕರಣಗಳ ಇಮ್‌ಟೆಕ್ಸ್ ಮೇಳ ನಡೆಯುವುದು ಇಲ್ಲೇ. ವಸಂತನರಸಾಪುರದ ಕಾರ್ಖಾನೆಗಳಲ್ಲಿ ಕೆಲಸ ಮಾಡುವ ನನ್ನ ಗೆಳೆಯರು ಅದಕ್ಕೆ ತಪ್ಪದೆ ಬರುತ್ತಾರೆ. ಮೇಳ ಇರುವ ದಿನ ಸಂಜೆ ಟಿಕೆಟ್ ಕೌಂಟರ್ ಮುಂದೆ ಜಾತ್ರೆ. ಕಾರ್ಡ್ ಇಲ್ಲದಿದ್ದರೆ ಅರ್ಧ ಗಂಟೆ ಅಲ್ಲೇ ಹೋಗುತ್ತದೆ.

ನಾಗಸಂದ್ರ. ನಿಲ್ದಾಣಕ್ಕೆ ಅಂಟಿಕೊಂಡೇ 2022ರಲ್ಲಿ ತೆರೆದ ಐಕಿಯಾ ಅಂಗಡಿ ಇದೆ. ಮನೆ ಕಟ್ಟಿಸಿದವರು ನೋಡಲು ಹೋಗುತ್ತಾರೆ, ಬರುವಾಗ ಒಂದು ಸೌಟು ಹಿಡಿದುಕೊಂಡು ಬರುತ್ತಾರೆ. ಅದು ಬಿಟ್ಟರೆ ತುಮಕೂರಿನವರು ಇಲ್ಲಿ ಇಳಿಯಲು ದೊಡ್ಡ ಕಾರಣ ಇಲ್ಲ.

ಜಾಲಹಳ್ಳಿ. ಬಸ್ಸು ಕೆಳಗಿನ ರಸ್ತೆಯಲ್ಲಿ ಹೋದರೆ ಇದು ಒಳ್ಳೆಯ ಜಾಗ. ಆದರೆ ಬೆಳಗಿನ ಹೊತ್ತು ಪೀಣ್ಯ ಕಾರ್ಖಾನೆಗಳಿಗೆ ಹೋಗುವವರ ನೂಕುನುಗ್ಗಲು.

ಗೊರಗುಂಟೆಪಾಳ್ಯ. ಫ್ಲೈಓವರ್ ಇಳಿದ ಕೂಡಲೇ ಸಿಗುವ ನಿಲ್ದಾಣ, ಹಾಗಾಗಿ ತಡೆರಹಿತ ಬಸ್ಸಿನವರಿಗೆ ಇದೇ ಗತಿ. ಕೆಟ್ಟ ಗತಿಯೇನಲ್ಲ. ಸಿಗ್ನಲ್‌ನಲ್ಲಿ ಬಸ್ಸು ನಿಂತು ಒದ್ದಾಡುತ್ತಿರುವಾಗ ನೀವು ಇಳಿದು ಮೇಲೆ ಹತ್ತಿರುತ್ತೀರಿ. ಹೊರವರ್ತುಲ ರಸ್ತೆ ಇಲ್ಲೇ ಹಾದುಹೋಗುತ್ತದೆ. ಹೆಬ್ಬಾಳ ಕಡೆ ಅಥವಾ ಸುಮನಹಳ್ಳಿ ಕಡೆ ಹೋಗಬೇಕಾದವರಿಗೆ ಮೆಟ್ರೋ ಬೇಡವೇ ಬೇಡ, ಇಲ್ಲಿಂದ ಬಿಎಂಟಿಸಿ ಬಸ್ಸು ಹಿಡಿಯಿರಿ. ಇದು ಗೊತ್ತಿಲ್ಲದೆ ಮೆಜೆಸ್ಟಿಕ್‌ಗೆ ಹೋಗಿ ಹೆಬ್ಬಾಳಕ್ಕೆ ವಾಪಸ್ ಬರುವವರನ್ನು ಎಷ್ಟು ಜನ ನೋಡಿದ್ದೇನೋ.

ಯಶವಂತಪುರ. ರೈಲಿನಲ್ಲಿ ಬಂದವರಿಗೆ ಇದೇ ಬಾಗಿಲು. ಬಸ್ಸಿನಲ್ಲಿ ಬಂದವರಿಗೆ ಇಲ್ಲಿ ಇಳಿದು ಹೆಚ್ಚು ಲಾಭ ಇಲ್ಲ, ಅಷ್ಟೊತ್ತಿಗೆ ಟ್ರಾಫಿಕ್ ತಿಂದು ಮುಗಿಸಿರುತ್ತೀರಿ. ಆದರೆ ಕೆಲಸವೇ ಈ ಸುತ್ತಿನಲ್ಲಿದ್ದರೆ ಬೇರೆ ಮಾತು. ಈರುಳ್ಳಿ, ಆಲೂಗಡ್ಡೆ, ಬೆಳ್ಳುಳ್ಳಿ ವ್ಯಾಪಾರದ ಎಪಿಎಂಸಿ ಯಾರ್ಡ್ ಇಲ್ಲಿದೆ. ಟಾಟಾ ಇನ್‌ಸ್ಟಿಟ್ಯೂಟ್ ಅಂತ ಹಳಬರು ಕರೆಯುವ ಭಾರತೀಯ ವಿಜ್ಞಾನ ಸಂಸ್ಥೆಯೂ ದೂರ ಇಲ್ಲ. ಮುಂದಿನ ನಿಲ್ದಾಣಕ್ಕೆ ಸ್ಯಾಂಡಲ್ ಸೋಪ್ ಫ್ಯಾಕ್ಟರಿ ಅಂತ ಹೆಸರು ಬಂದದ್ದು ಮೈಸೂರು ಸ್ಯಾಂಡಲ್ ಸೋಪಿನ ಸರ್ಕಾರಿ ಕಾರ್ಖಾನೆಯಿಂದ. ಅಲ್ಲಿ ರೈಲಿನ ಬಾಗಿಲು ತೆರೆದಾಗ ಅಮ್ಮ ಪ್ರತಿ ಸಲವೂ ಮೂಗು ಅರಳಿಸುತ್ತಾರೆ. ಇಲ್ಲಿಯವರೆಗೂ ಗಂಧ ಬಂದಿಲ್ಲ.

ಹೆಜ್ಜೆ 5: ಟಿಕೆಟ್

ವರ್ಷಕ್ಕೆ ಎರಡು ಸಲ ಹೋಗುವವರಿಗೆ ಕೌಂಟರ್‌ನ ಟೋಕನ್ ಸಾಕು. ಒಳಗೆ ಹೋಗುವಾಗ ಗೇಟಿಗೆ ಮುಟ್ಟಿಸಿ, ಹೊರಬರುವಾಗ ಗೇಟಿನ ತೂತಿಗೆ ಹಾಕಿ. ಅದನ್ನು ಜೇಬಿಗಿಂತ ಮುಷ್ಟಿಯಲ್ಲಿ ಇಟ್ಟುಕೊಳ್ಳುವುದು ವಾಸಿ. ನನ್ನ ಚಿಕ್ಕಪ್ಪ ಒಮ್ಮೆ ಪಂಚೆಯ ಗಂಟಿನಲ್ಲಿ ಕಟ್ಟಿಕೊಂಡು, ಗೇಟಿನ ಮುಂದೆ ಗಂಟು ಬಿಚ್ಚುವಷ್ಟರಲ್ಲಿ ಹಿಂದೆ ಇಪ್ಪತ್ತು ಜನ ನಿಂತಿದ್ದರು.

ಮನೆಮಂದಿಯೆಲ್ಲ ಒಟ್ಟಿಗೆ ಹೊರಟಿದ್ದರೆ ಮೊಬೈಲಿನ ಕ್ಯೂಆರ್ ಟಿಕೆಟ್ ಅನುಕೂಲ. ನಮ್ಮ ಮೆಟ್ರೋ ಆ್ಯಪ್‌ನಲ್ಲಿ ಅಥವಾ ವಾಟ್ಸಾಪ್‌ನಲ್ಲಿ ತೆಗೆಯಬಹುದು. ಒಂದೇ ಕ್ಯೂಆರ್‌ನಲ್ಲಿ ಆರು ಜನರವರೆಗೆ ಹೋಗಬಹುದು. ಬಸ್ಸಿನಲ್ಲಿ ಕೂತಿರುವಾಗಲೇ ತೆಗೆದಿಟ್ಟುಕೊಳ್ಳಿ. ಮೊಬೈಲಿನ ಚಾರ್ಜ್ ಮಾತ್ರ ನೋಡಿಕೊಳ್ಳಿ. ಹೊರಬರುವ ಗೇಟಿನಲ್ಲೂ ಅದೇ ಕ್ಯೂಆರ್ ತೋರಿಸಬೇಕು.

ತಿಂಗಳಿಗೆ ಎರಡು-ಮೂರು ಸಲ ಹೋಗುವವರು 50 ರೂಪಾಯಿ ಕೊಟ್ಟು ಸ್ಮಾರ್ಟ್ ಕಾರ್ಡ್ ಮಾಡಿಸಿಬಿಡಿ. 2025ರ ಫೆಬ್ರವರಿಯಲ್ಲಿ ದರ ಏರಿಸಿದಾಗ ಕನಿಷ್ಠ 10, ಗರಿಷ್ಠ 90 ರೂಪಾಯಿ ಮಾಡಿದರು. 25 ಕಿಲೋಮೀಟರ್ ದಾಟಿದರೆ ಆ 90. ಮಾದಾವರ ಒಂದು ತುದಿಯಾಗಿರುವುದರಿಂದ ನಮಗೆ ಯಾವಾಗಲೂ ಮೇಲಿನ ದರವೇ ಹತ್ತಿರ. ಕಾರ್ಡಿಗೆ ಶೇಕಡಾ 5 ರಿಯಾಯಿತಿ ಇದೆ. ಜನ ಕಡಿಮೆ ಇರುವ ಹೊತ್ತಿನಲ್ಲಿ ಇನ್ನೂ 5 ಸೇರುತ್ತದೆ, ಭಾನುವಾರ ಇಡೀ ದಿನ 10. ಕಾರ್ಡಿನಲ್ಲಿ ನೂರಕ್ಕಿಂತ ಕಡಿಮೆ ಬಿಡಬೇಡಿ. ಬ್ಯಾಲೆನ್ಸ್ ಕಡಿಮೆಯಾದರೆ ಗೇಟು ತೆರೆಯದೆ ಕೆಂಪು ದೀಪ ತೋರಿಸಿ ಮರ್ಯಾದೆ ತೆಗೆಯುತ್ತದೆ.

ಮೂರು ಅಡಿಗಿಂತ ಗಿಡ್ಡ ಇರುವ ಮಕ್ಕಳಿಗೆ ಟಿಕೆಟ್ ಬೇಡ.

ಹೆಜ್ಜೆ 6: ಕಾಯಿ ಮೂಟೆಯ ವಿಚಾರ

ತುಮಕೂರಿನವರು ಬರಿಗೈಯಲ್ಲಿ ಬೆಂಗಳೂರಿಗೆ ಹೋಗುವುದುಂಟೇ? ಮಗಳ ಮನೆಗೆ ತೆಂಗಿನಕಾಯಿ, ಅಕ್ಕನ ಮನೆಗೆ ರಾಗಿಹಿಟ್ಟು, ತಂಗಿಗೆ ಹುಣಸೆಹಣ್ಣು. ಮೆಟ್ರೋದಲ್ಲಿ 15 ಕಿಲೋವರೆಗಿನ, ಉದ್ದ 60, ಅಗಲ 45, ದಪ್ಪ 25 ಸೆಂಟಿಮೀಟರ್ ಒಳಗಿನ ಚೀಲಕ್ಕೆ ದುಡ್ಡಿಲ್ಲ. ಅದಕ್ಕಿಂತ ದೊಡ್ಡದಾದರೆ 30 ರೂಪಾಯಿ ಕೊಟ್ಟು ಲಗೇಜ್ ಟಿಕೆಟ್ ತೆಗೆಯಬೇಕು. ಸುಲಿದ ಕಾಯಿ ಒಂದು ಅರ್ಧ ಕಿಲೋ ತೂಗುತ್ತದೆ ಅಂದುಕೊಂಡರೆ ಇಪ್ಪತ್ತೈದು ಕಾಯಿಯವರೆಗೆ ಚಿಂತೆ ಇಲ್ಲ. ಸಿಪ್ಪೆ ಸಮೇತ ಒಯ್ಯಬೇಡಿ, ಜಾಗ ನುಂಗುತ್ತದೆ. ಒಂದೇ ದೊಡ್ಡ ಗೋಣಿಚೀಲದ ಬದಲು ಎರಡು ಕೈಚೀಲ ಮಾಡಿ, ಇಬ್ಬರು ಹಿಡಿದುಕೊಂಡರೆ ಕೇಳುವವರಿಲ್ಲ. ಎಲ್ಲ ಚೀಲಗಳೂ ಸ್ಕ್ಯಾನರ್ ಒಳಗೆ ಹೋಗುತ್ತವೆ. ಎಳನೀರು ಕೊಚ್ಚಲು ಅಂತ ಮಚ್ಚು ಇಟ್ಟುಕೊಂಡಿದ್ದರೆ ಅಲ್ಲೇ ಸಿಕ್ಕಿಬೀಳುತ್ತೀರಿ. ಇದು ತಮಾಷೆಗೆ ಹೇಳಿದ್ದಲ್ಲ.

ಇನ್ನೊಂದು ಮಾತು. 2024ರ ಫೆಬ್ರವರಿಯಲ್ಲಿ ರಾಜಾಜಿನಗರ ನಿಲ್ದಾಣದಲ್ಲಿ ತಲೆ ಮೇಲೆ ಗಂಟು ಹೊತ್ತು ಬಂದ ರೈತರೊಬ್ಬರನ್ನು ಬಟ್ಟೆ ಕೊಳೆಯಾಗಿದೆ ಅಂತ ತಡೆದಿದ್ದರು. ಜೊತೆಯಲ್ಲಿದ್ದ ಪ್ರಯಾಣಿಕರೇ ಜಗಳಕ್ಕೆ ನಿಂತು ಅವರನ್ನು ಒಳಗೆ ಕರೆದುಕೊಂಡು ಹೋದರು. ತಡೆದ ಸಿಬ್ಬಂದಿಯ ಕೆಲಸ ಹೋಯಿತು. ಟಿಕೆಟ್ ಇದ್ದವರನ್ನು ಬಟ್ಟೆ ನೋಡಿ ತಡೆಯುವ ನಿಯಮ ಯಾವುದೂ ಇಲ್ಲ. ಹೊಲದಿಂದ ಸೀದಾ ಬಂದಿದ್ದರೂ ಅಂಜಬೇಡಿ.

ಹೆಜ್ಜೆ 7: ಒಳಗೆ, ಮತ್ತು ಬದಲಾಯಿಸುವಾಗ

ಮಾದಾವರದಲ್ಲಿ ಹತ್ತಿದರೆ ದಿಕ್ಕಿನ ಗೊಂದಲ ಇಲ್ಲ, ರೈಲು ಹೋಗುವುದು ಒಂದೇ ಕಡೆ. ಗೊರಗುಂಟೆಪಾಳ್ಯ, ಯಶವಂತಪುರದಲ್ಲಿ ಹತ್ತುವವರು "ರೇಷ್ಮೆ ಸಂಸ್ಥೆ" ಅಂತ ಬೋರ್ಡ್ ಇರುವ ಪ್ಲಾಟ್‌ಫಾರ್ಮಿಗೆ ಹೋಗಿ. ಮೊದಲ ಬೋಗಿ ಮಹಿಳೆಯರಿಗೆ.

ಮೆಜೆಸ್ಟಿಕ್ ನಿಲ್ದಾಣ ನೆಲದಡಿಯಲ್ಲಿದೆ. ಎರಡು ಮಾರ್ಗಗಳು ಒಂದರ ಕೆಳಗೆ ಒಂದು ಹಾದುಹೋಗುತ್ತವೆ. ನೇರಳೆ ಮಾರ್ಗಕ್ಕೆ ಬದಲಿಸುವವರು ಗೇಟಿನಿಂದ ಹೊರಗೆ ಹೋಗಬಾರದು. ಹೋದರೆ ಮತ್ತೆ ಟಿಕೆಟ್. ನೆಲದ ಮೇಲಿನ ಬಣ್ಣದ ಗೆರೆ, ಮೇಲಿನ ಬೋರ್ಡು ನೋಡಿಕೊಂಡು ಎಸ್ಕಲೇಟರ್ ಹಿಡಿಯಿರಿ. ವಿಧಾನಸೌಧ ಕಡೆಗಾದರೆ "ವೈಟ್‌ಫೀಲ್ಡ್" ರೈಲು, ಮೈಸೂರು ರಸ್ತೆ ಕಡೆಗಾದರೆ "ಚಲ್ಲಘಟ್ಟ" ರೈಲು. ಅಮ್ಮನಿಗೆ ಎಸ್ಕಲೇಟರ್ ಅಂದರೆ ಭಯ. ನಾವು ಲಿಫ್ಟ್ ಹುಡುಕುತ್ತೇವೆ, ಎಲ್ಲ ನಿಲ್ದಾಣದಲ್ಲೂ ಇದೆ. ಬೆಳಗಿನ ಒಂಬತ್ತರ ಹೊತ್ತಿಗೆ ಮೆಜೆಸ್ಟಿಕ್‌ನಲ್ಲಿ ಬದಲಿಸುವುದಾದರೆ ಮುದುಕರ ಕೈ ಬಿಡಬೇಡಿ. ಅಲ್ಲಿನ ಜನ ನಡೆಯುವುದಿಲ್ಲ, ಹರಿಯುತ್ತಾರೆ.

ಆರ್.ವಿ. ರಸ್ತೆಯಲ್ಲಿ ಹಳದಿಗೆ ಬದಲಿಸುವುದು ಇದಕ್ಕಿಂತ ಸುಲಭ. ಆದರೆ ಹಳದಿ ರೈಲುಗಳ ನಡುವಿನ ಅಂತರ ಜಾಸ್ತಿ. ಆಸ್ಪತ್ರೆ ಸಮಯ ಲೆಕ್ಕ ಹಾಕುವಾಗ ಈ ಕಾಯುವಿಕೆಯನ್ನೂ ಸೇರಿಸಿ.

ಹೆಜ್ಜೆ 8: ವಾಪಸ್ ಬರುವಾಗ ಉಲ್ಟಾ ಲೆಕ್ಕ

ಇಲ್ಲೇ ಹೆಚ್ಚಿನವರು ಎಡವುವುದು. ಬೆಳಗ್ಗೆ ಮಾದಾವರದಲ್ಲಿ ಇಳಿದು ಸುಖವಾಗಿ ಹೋದೆವಲ್ಲ, ಸಂಜೆಯೂ ಮಾದಾವರಕ್ಕೇ ಮೆಟ್ರೋದಲ್ಲಿ ಬಂದು ಬಸ್ಸು ಹಿಡಿಯೋಣ ಅನ್ನಿಸುತ್ತದೆ. ನಾನೂ ಹಾಗೇ ಮಾಡಿದ್ದೆ. ಒಂದು ಶನಿವಾರ ಸಂಜೆ ಆರೂವರೆಗೆ ಅಮ್ಮನ ಜೊತೆ ರಸ್ತೆ ಬದಿಯಲ್ಲಿ ನಿಂತೆ. ಮೆಜೆಸ್ಟಿಕ್‌ನಲ್ಲೇ ತುಂಬಿಕೊಂಡ ಬಸ್ಸುಗಳು ಒಂದರ ಹಿಂದೆ ಒಂದು ನಿಲ್ಲಿಸದೆ ಹೋದವು. ಏಳನೆಯದು ನಿಲ್ಲಿಸಿತು. ಅದರಲ್ಲಿ ಒಂದು ಕಾಲು ಇಡಲು ಜಾಗ ಇತ್ತು, ಎರಡು ಕಾಲಿಗೆ ಇರಲಿಲ್ಲ. ಯಾರೋ ಕಾಲೇಜು ಹುಡುಗ ಅಮ್ಮನಿಗೆ ಸೀಟು ಬಿಟ್ಟುಕೊಟ್ಟ. ನಾನು ತುಮಕೂರಿನವರೆಗೂ ನಿಂತೇ ಬಂದೆ.

ಹಾಗಾಗಿ ಬರುವಾಗ ಬಸ್ಸು ಹೊರಡುವ ಜಾಗಕ್ಕೇ ಹೋಗಿ. ಮೆಟ್ರೋದಲ್ಲಿ ಮೆಜೆಸ್ಟಿಕ್‌ಗೆ ಬಂದು ಕೆಎಸ್‌ಆರ್‌ಟಿಸಿ ಕಡೆಯ ದ್ವಾರದಿಂದ ಹೊರಬಿದ್ದು, ಖಾಲಿ ಬಸ್ಸು ನೋಡಿ ಸೀಟು ಹಿಡಿಯಿರಿ. ಪೀಣ್ಯದ ಟ್ರಾಫಿಕ್ ತಪ್ಪುವುದಿಲ್ಲ, ಆದರೆ ಕೂತು ನಿದ್ದೆ ಮಾಡಬಹುದು. ಹೆಂಗಸರಿಗೆ ಅದು ಉಚಿತ ಬೇರೆ. ಸಂಜೆಯ ರೈಲು ಹೊಂದಿದರೆ ಅದೂ ಹೀಗೆಯೇ, ರೈಲು ಹೊರಡುವ ಸ್ಟೇಷನ್ನಿನಲ್ಲೇ ಹತ್ತಿ. ಮೆಜೆಸ್ಟಿಕ್‌ನಿಂದ ಬರುವ ರೈಲಾದರೆ ಯಶವಂತಪುರಕ್ಕೆ ಬರುವಷ್ಟರಲ್ಲಿ ಸೀಟಿನ ಆಸೆ ಬಿಡಬೇಕು.

ಮಾದಾವರದಲ್ಲಿ ವಾಪಸ್ ಬಸ್ಸು ಹಿಡಿಯಬಹುದಾದದ್ದು ಮಧ್ಯಾಹ್ನದ ಹೊತ್ತು, ಹನ್ನೊಂದರಿಂದ ಮೂರರ ಒಳಗೆ. ಆಗ ಬಸ್ಸಿನಲ್ಲಿ ಜಾಗ ಇರುತ್ತದೆ, ಕೈ ತೋರಿಸಿದರೆ ನಿಲ್ಲಿಸುವವರೂ ಇರುತ್ತಾರೆ. ಇಲ್ಲವೇ ಸಾಮಾನ್ಯ ಬಸ್ಸಿನಲ್ಲಿ ನೆಲಮಂಗಲಕ್ಕೆ ಹೋಗಿ, ಅಲ್ಲಿಂದ ಇನ್ನೊಂದು ಬಸ್ಸು.

ಬೆಳಗಿನ ಮೊದಲ ಮೆಟ್ರೋ ಸೋಮವಾರ 4:15ಕ್ಕೆ ತುದಿಯ ನಿಲ್ದಾಣಗಳಿಂದ ಹೊರಡುತ್ತದೆ. ಊರಿಗೆ ಬಂದು ಭಾನುವಾರ ಕಳೆದು ಮರುದಿನ ಕೆಲಸಕ್ಕೆ ಓಡುವವರಿಗೆ ಅನುಕೂಲವಾಗಲಿ ಅಂತ ಮಾಡಿದ್ದು. ಬೇರೆ ದಿನ 5 ಗಂಟೆ. ಭಾನುವಾರ 7 ಗಂಟೆಯವರೆಗೂ ಮೆಟ್ರೋ ಇಲ್ಲ, ಮದುವೆ ಮುಹೂರ್ತಕ್ಕೆ ಹೊರಟವರು ಇದನ್ನು ಮರೆಯಬಾರದು.

ಮಾದಾವರದಿಂದ ತುಮಕೂರಿಗೇ ಮೆಟ್ರೋ ತರುವ ಮಾತು 2024ರ ರಾಜ್ಯ ಬಜೆಟ್‌ನಲ್ಲಿ ಬಂತು. ಐವತ್ತು ಕಿಲೋಮೀಟರ್‌ಗೂ ಮೀರಿದ ದಾರಿ ಅದು. ಆಗುತ್ತದೋ ಇಲ್ಲವೋ ಅಂತ ನೋಡುವ ಅಧ್ಯಯನವೂ ನಡೆದಿದೆ. ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ತಿನ್ನುತ್ತಾ ಕೂತರೆ ಪಕ್ಕದ ಟೇಬಲ್‌ನಲ್ಲಿ ದಿನಾ ಇದೇ ಚರ್ಚೆ. ಅದು ಬರುವವರೆಗೆ ನಾವು ಬಸ್ಸಿನ ಬಾಗಿಲಲ್ಲಿ ನಿಂತು ಕೇಳುತ್ತಿರಬೇಕು: "ಅಣ್ಣಾ, ಮೇಲೆ ಹೋಗುತ್ತಾ, ಕೆಳಗೆ ಹೋಗುತ್ತಾ?"